ಮಿನಿಟಾ ಬರುತ್ತಾರೆ, ಗುಂಡಿ ತೋಡಿ

ಕಡಲು ಊರನ್ನು ತಿನ್ನಬೇಕೋ ಊರು ಕಡಲನ್ನು ತಿನ್ನಬೇಕೋ ಎಂಬುದು ಇನ್ನೂ ಇತ್ಯರ್ಥವಾಗದ ಒಂದು ತಿರುವಿನಲ್ಲಿ ವಾಯ್ಮೋಕೋ ಎಂಬ ಊರಿದೆ. ಅರವತ್ತು ಮನೆ, ಒಂದು ಅಂಗಡಿ, ನಲವತ್ತೆಂಟು ಮಕ್ಕಳ ಒಂದು ಶಾಲೆ. ಊರಿನ ಸಭಾಮನೆಯ ಮಾಡನ್ನು ಎರಡು ವರ್ಷದ ಹಿಂದೆ ಬಿರುಗಾಳಿ ಹೊತ್ತುಕೊಂಡು ಹೋದ ಮೇಲೆ ಮದುವೆಯೂ ಮರಣವೂ ಶಾಲೆಯ ಹಾಲಿನಲ್ಲೇ ನಡೆಯುತ್ತಿದ್ದವು. ಮಾಡಿನ ರಿಪೇರಿಗೆ ಹಾಕಿದ ಅರ್ಜಿಯನ್ನೂ ಬಹುಶಃ ಅದೇ ಗಾಳಿ ಹೊತ್ತುಕೊಂಡು ಹೋಗಿರಬೇಕು, ಉತ್ತರ ಬಂದಿರಲಿಲ್ಲ.

ಆ ಶಾಲೆಯ ಜವಾನ ಎರು. ಹುಲ್ಲು ಕತ್ತರಿಸುವುದು, ಬೀಗ ಹಾಕುವುದು, ಮುರಿದದ್ದನ್ನು ಕೂಡಿಸುವುದು ಅವನ ಕೆಲಸ. ಅವನ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಕೇಳಿಸಿದ ಮಾತು ಒಳಗೆ ಹೋಗಿ ಕೂರುವ ಜಾಗ ಮಾತ್ರ ಬೇರೆಯಾಗುತ್ತಿತ್ತು. ಒಮ್ಮೆ ಹೆಡ್‌ಮಿಸ್, "ಎರು, ಹಿತ್ತಿಲ ನಲ್ಲಿ ಸೋರ್ತಾ ಇದೆ, ಸ್ವಲ್ಪ ನೋಡು" ಎಂದಿದ್ದರು. ಎರು ಹೋಗಿ ಅರ್ಧ ಗಂಟೆ ಕೈಕಟ್ಟಿ ನಿಂತು, ವಾಪಸು ಬಂದು, "ನೋಡಿದೆ ಮಿಸ್. ಹೌದು, ಸೋರ್ತಾ ಇದೆ" ಎಂದು ವರದಿ ಒಪ್ಪಿಸಿದ್ದ. ಊರಿನಲ್ಲಿ ಯಾರಿಗೂ ಅವನ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಅವನ ಹೆಂಡತಿ ಪಾರೆಕುರಾಳಿಗೆ ಬರುತ್ತಿತ್ತು, ಆದರೆ ಅದು ಅವಳ ಹಕ್ಕು.

ಈಗ ಮಾತ್ರ ಆ ಸಿಟ್ಟು ಆರನೇ ದಿನಕ್ಕೆ ಬಂದಿತ್ತು. ಕಾರಣ ಒಂದು ಒಲೆ.

ಹನ್ನೊಂದು ವರ್ಷ ಶಾಲೆಯ ಮಕ್ಕಳಿಗೆ ಪಾರೆಕುರಾ ಅಡುಗೆ ಮಾಡಿ ಹಾಕಿದ್ದಳು. ಮೀನಿನ ಸಾರು, ಕುರಿಮಾಂಸದ ಸಾರು, ಬಿಸಿ ರೊಟ್ಟಿ. ಹತ್ತು ಗಂಟೆಗೆ ರೊಟ್ಟಿಯ ವಾಸನೆ ಗಣಿತದ ತರಗತಿಗೆ ನುಗ್ಗಿದರೆ ಮಕ್ಕಳು ಭಾಗಾಕಾರವನ್ನೂ ಪ್ರೀತಿಯಿಂದ ಮಾಡುತ್ತಿದ್ದರು. ಕಳೆದ ವರ್ಷ ರಾಜಧಾನಿಯಲ್ಲಿ ಯಾರಿಗೋ ಇದು ದುಬಾರಿ ಎಂದು ಹೊಳೆಯಿತು. ತಲೆಗೆ ಮೂರು ಡಾಲರು ಎಂದು ಗೆರೆ ಎಳೆದರು. ಆರುನೂರು ಕಿಲೋಮೀಟರು ಆಚೆಯ ಒಂದು ಕಾರ್ಖಾನೆಯಿಂದ ತಗಡಿನ ತಟ್ಟೆಗಳಲ್ಲಿ ಮುಚ್ಚಿದ ಊಟ ಬರತೊಡಗಿತು. ಸೋಮವಾರ ಕಂದು, ಮಂಗಳವಾರ ಕಂದು, ಬುಧವಾರ ಸ್ವಲ್ಪ ಹಳದಿ. ಜೊತೆಗೆ ಶಾಲೆಯ ಮುಂದೆ ದೀಪ ಹತ್ತುವ ದೊಡ್ಡ ಫಲಕವೂ ಬಂತು. ಟ್ರ್ಯಾಕ್ಟರ್ ಚಕ್ರದಷ್ಟು ದೊಡ್ಡ ಸೇಬಿನ ಚಿತ್ರ, ಕೆಳಗೆ 'ಪ್ರತಿ ಮಗುವಿಗೂ ಪೌಷ್ಟಿಕ ಊಟ'. ಫಲಕಕ್ಕೆ ನಲವತ್ತೊಂದು ಸಾವಿರ ಡಾಲರಾಯಿತಂತೆ. ಅಂದಿನಿಂದ ಮಕ್ಕಳು ಸೇಬನ್ನು ಕಂಡದ್ದು ಅದರ ಮೇಲೆ ಮಾತ್ರ.

ಮಕ್ಕಳು ಮುಟ್ಟದ ತಟ್ಟೆಗಳು ಪಾರೆಕುರಾಳ ಹಂದಿಗೆ ಹೋಗುತ್ತಿದ್ದವು. ಹಂದಿ ಮೊದಲ ವಾರ ತಿಂದಿತು, ಎರಡನೇ ವಾರ ಮೂಸಿತು, ಮೂರನೇ ವಾರ ತಟ್ಟೆ ಕಂಡರೆ ಬೆನ್ನು ತಿರುಗಿಸಿ ಕಡಲು ನೋಡುತ್ತಾ ಕೂತಿತು.

ಹೀಗಿರುವಾಗ ಎರುವಿಗೆ ಒಂದು ಸರಕಾರಿ ಕಾಗದ ಬಂತು. ಉಪಯೋಗವಿಲ್ಲದ ಅಡುಗೆಮನೆಯ ಒಲೆಯನ್ನು ಗುರುವಾರದೊಳಗೆ ಬಿಚ್ಚಿಡುವುದು, ಶುಕ್ರವಾರ ಲಾರಿ ಬಂದು ಒಯ್ಯುತ್ತದೆ.

"ಬಿಚ್ಚು, ಬಿಚ್ಚು," ಎಂದಳು ಪಾರೆಕುರಾ. "ನೀನು ಆ ಒಲೆ ಬಿಚ್ಚಿದ ದಿನ ನಿನ್ನ ಹಾಸಿಗೇನೂ ಬಿಚ್ಚಿ ಹಂದಿ ಪಕ್ಕದಲ್ಲಿ ಹಾಸ್ತೀನಿ. ಇಬ್ರೂ ಕೂತು ಕಡಲು ನೋಡಿ."

ಆಮೇಲೆ ಅವಳು ಮಾತೇ ಬಿಟ್ಟಳು. ಎರು ಸ್ಪ್ಯಾನರು ಹಿಡಿದು ದಿನಕ್ಕೊಮ್ಮೆ ಅಡುಗೆಮನೆಗೆ ಹೋಗಿ, ಒಲೆಯನ್ನು ನೋಡಿ, ಸ್ಪ್ಯಾನರನ್ನು ನೋಡಿ, ಬೀಗ ಹಾಕಿಕೊಂಡು ಬರುತ್ತಿದ್ದ.

ಸೋಮವಾರ ಶಾಲೆಯ ಫೋನು ಬಡಿದುಕೊಂಡಾಗ ಎತ್ತಲು ಎರುವಿನ ಹೊರತು ಯಾರೂ ಇರಲಿಲ್ಲ. ಹೆಡ್‌ಮಿಸ್ ಊಟದ ತಟ್ಟೆಗಳ ಮುಚ್ಚಳವನ್ನು ಸುರಕ್ಷಿತವಾಗಿ ತೆರೆಯುವ ವಿಧಾನದ ಬಗ್ಗೆ ನಾಲ್ಕು ದಿನದ ತರಬೇತಿಗೆ ರಾಜಧಾನಿಗೆ ಹೋಗಿದ್ದರು, ಸರಕಾರದ ಖರ್ಚಿನಲ್ಲಿ. ಇದ್ದ ಇನ್ನೊಬ್ಬ ಟೀಚರು ನಲವತ್ತೆಂಟೂ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಹಾಕಿಕೊಂಡು ಹಾಡು ಹೇಳಿಸುತ್ತಿದ್ದರು.

ಫೋನಿನ ಆ ಕಡೆ ಮಂತ್ರಿಗಳ ಕಚೇರಿಯ ಹುಡುಗಿ. ಊರವರ ಹತ್ತಿರ ಊರವರ ಮಾತನ್ನೇ ಆಡಬೇಕೆಂದು ಸಂಜೆ ಪಾಠಕ್ಕೆ ಹೋಗಿ ಎಂಟು ಪದ ಕಲಿತಿದ್ದವಳು. ಅದರಲ್ಲಿ ಒಂದು ಮಿನಿಟಾ.

ಇಲ್ಲಿ ಒಂದು ಮಾತು. ನಮ್ಮ ವಾಯ್ಮೋಕೋದ ಭಾಷೆಯಲ್ಲಿ ಚರ್ಚಿನ ಪಾದ್ರಿಗೂ ರಾಜಧಾನಿಯ ಮಂತ್ರಿಗೂ ಒಂದೇ ಹೆಸರು, ಮಿನಿಟಾ. ಇಬ್ಬರೂ ಆಶ್ವಾಸನೆ ಕೊಡುವವರು, ಇಬ್ಬರ ಆಶ್ವಾಸನೆಯೂ ಕೈಗೆ ಸಿಗುವುದು ಪರಲೋಕದಲ್ಲೇ, ಎರಡೆರಡು ಪದ ಯಾಕೆ ದಂಡ ಎಂದು ಹಿರಿಯರು ಉಳಿತಾಯ ಮಾಡಿರಬೇಕು.

"ಮಿನಿಟಾ ಗುರುವಾರ ಹನ್ನೆರಡಕ್ಕೆ ನಿಮ್ಮ ಶಾಲೆಗೆ ಬರ್ತಿದ್ದಾರೆ," ಎಂದಳು ಹುಡುಗಿ. "ಮಕ್ಕಳ ಜೊತೆ ಕೂತು ಊಟ ಮಾಡ್ತಾರೆ."

"ಓಹೋ, ಮಿನಿಟಾನಾ! ಬರಲಿ, ಬರಲಿ. ಒಬ್ರೇನಾ?"

"ಜೊತೆಗೆ ಇಬ್ಬರು ಇರ್ತೀವಿ. ನೀವೇನೂ ಸಿದ್ಧತೆ ಮಾಡಬೇಡಿ. ಊಟ ನಾವೇ ತರ್ತೀವಿ."

ಎರುವಿಗೆ ಕೆನ್ನೆಗೆ ಹೊಡೆದ ಹಾಗಾಯಿತು. "ಏನಮ್ಮಾ ಹೀಗಂತೀಯಾ? ನಮ್ಮೂರಿಗೆ ಬರೋರು ಬುತ್ತಿ ಕಟ್ಕೊಂಡು ಬರೋದಾ? ನಾವೇನು ಸತ್ತುಹೋಗಿದೀವಾ?"

"ಕಾರ್ಯಕ್ರಮ ಇರೋದೇ ಹಾಗೆ ಸಾರ್," ಎಂದು ಹುಡುಗಿ ಫೋನಿಟ್ಟಳು.

ಎರು ಯೋಚಿಸಿದ. ಮಿನಿಟಾ ಎಂದರೆ ಪಾದ್ರಿ ಹಕಾರಾಯಾ, ನಲವತ್ತು ಕಿಲೋಮೀಟರು ಆಚೆ ಇರುವವರು. ಅವರಿಗೆ ಈಗ ಸೆಕ್ರೆಟರಿ ಬೇರೆ ಬಂದಿದ್ದಾಳೆ, ಸಂತೋಷ. ಆದರೆ ಕಳೆದ ಸಲ ಬಂದಾಗ ಯಾರೋ ಬುದ್ಧಿಗೆಟ್ಟು ಅವರ ಮುಂದೆ ತಗಡಿನ ತಟ್ಟೆ ಇಟ್ಟಿದ್ದರು. ಪಾದ್ರಿ ಊಟದ ಮೊದಲಿನ ಪ್ರಾರ್ಥನೆ ಶುರುಮಾಡಿ, ಮುಚ್ಚಳ ತೆಗೆದು ನೋಡಿ, ಪ್ರಾರ್ಥನೆಯನ್ನು ಎರಡನೇ ಸಲ ಮೊದಲಿಂದ ಹೇಳಿದ್ದರು. ಅದಕ್ಕೇ ಈ ಸಲ ಬುತ್ತಿ ತರುತ್ತಿದ್ದಾರೆ! ಊರಿಗೆ ಇದಕ್ಕಿಂತ ಅವಮಾನ ಉಂಟೇ? ಅಡುಗೆಮನೆ ಮುಚ್ಚಿದೆ, ಅಡುಗೆಯವಳು ಮಾತು ಬಿಟ್ಟಿದ್ದಾಳೆ. ಉಳಿದದ್ದು ಒಂದೇ ದಾರಿ, ಹಾಂಗಿ. ಗುಂಡಿ ತೋಡಿ, ಕಲ್ಲು ಕೆಂಪಗೆ ಕಾಯಿಸಿ, ಮಾಂಸ, ಗೆಣಸು, ಕುಂಬಳ ತುಂಬಿದ ಬುಟ್ಟಿಗಳನ್ನು ಇಳಿಸಿ, ಒದ್ದೆ ಗೋಣಿ ಹೊದಿಸಿ, ಮಣ್ಣು ಮುಚ್ಚಿ ಕೂತರೆ ಮೂರು ಗಂಟೆಯಲ್ಲಿ ಊಟ. ಅದಕ್ಕೆ ಒಲೆ ಬೇಡ, ಹೆಂಡತಿಯ ಮಾತೂ ಬೇಡ.

ಅವನು ಅಂಗಡಿಯ ಹೊರಗಿನ ಕರಿಹಲಗೆಯ ಮೇಲೆ ಬರೆದ: 'ಗುರುವಾರ ಮಧ್ಯಾಹ್ನ ಮಿನಿಟಾ ಶಾಲೆಗೆ ಬರುತ್ತಾರೆ. ಗುಂಡಿ ತೋಡಲು ಜನ ಬೇಕು. ಎರು.'

ಅಂಗಡಿಯ ರೀಪೆಕಾ ಆ ಹಲಗೆಯನ್ನು ಎರಡು ಸಲ ಓದಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಪಾದ್ರಿ ವಾರದ ನಡುವೆ ಬರುವುದು ಒಂದೇ ಕಾರಣಕ್ಕೆ. ಮದುವೆಯಿಲ್ಲದ ವಾರದಲ್ಲಿ ಶಾಲೆಯ ಹಾಲಿನಲ್ಲಿ ಸೇರುವುದು, ಗುಂಡಿಗೆ ಜನ ಬೇಕಾಗುವಷ್ಟು ದೊಡ್ಡ ಊಟ ಮಾಡುವುದು, ಅದೂ ಒಂದೇ ಕಾರಣಕ್ಕೆ.

ಮಂಗಳವಾರ ಎರು ಶಾಲೆಯ ಹಿಂದೆ ಗುಂಡಿ ತೋಡುತ್ತಿದ್ದಾಗ ದಾರಿಹೋಕರೆಲ್ಲ ಬೇಲಿಯ ಬಳಿ ನಿಂತು, ಟೋಪಿ ತೆಗೆದು, ತಲೆ ತಗ್ಗಿಸಿ, ಒಬ್ಬರಾದ ಮೇಲೊಬ್ಬರು ಗುದ್ದಲಿ ಹಿಡಿದರು. ಮಾತಿಲ್ಲ, ತಮಾಷೆಯಿಲ್ಲ. ಪಾದ್ರಿಯ ಮೇಲೆ ಊರಿಗೆ ಇಷ್ಟು ಭಕ್ತಿಯೇ ಎಂದು ಎರು ಬೆರಗಾದ. ಅವನು ಮೂರಾಳು ಉದ್ದದ ಗುಂಡಿ ಸಾಕೆಂದಿದ್ದ. ಅವರು ಐದಾಳು ಉದ್ದ ತೋಡಿದರು. ಗುಂಡಿಯ ಉದ್ದ ಕಂಡು ದಾರಿಯಲ್ಲಿ ಹೋದವರು, "ಯಾರೋ ದೊಡ್ಡ ಮನುಷ್ಯರೇ" ಎಂದುಕೊಂಡರು.

ಯಾರು ಸತ್ತದ್ದು ಎಂದು ಯಾರೂ ಕೇಳಲಿಲ್ಲ. ಕೇಳುವುದು ಹೇಗೆ? ಸತ್ತವರು ಯಾರೆಂದು ಗೊತ್ತಿಲ್ಲ ಎಂದರೆ ನೆಂಟರಲ್ಲ ಎಂದ ಹಾಗೆ. ವಾಯ್ಮೋಕೋದಲ್ಲಿ ನೆಂಟರಲ್ಲದವರು ಯಾರಿದ್ದಾರೆ? ಹಾಗಾಗಿ ಪ್ರತಿಯೊಬ್ಬರೂ ಗೊತ್ತಿರುವ ಮುಖ ಮಾಡಿದರು.

ಬುಧವಾರ ಎರು ಬೆಂಕಿಪೊಟ್ಟಣ ಕೊಳ್ಳಲು ಅಂಗಡಿಗೆ ಹೋದ. ರೀಪೆಕಾ ಗಲ್ಲಾ ಬಿಟ್ಟು ಬಂದು ನಮ್ಮ ಪದ್ಧತಿಯಂತೆ ಅವನ ಮೂಗಿಗೆ ಮೂಗು ತಾಗಿಸಿ, ಭುಜ ಹಿಡಿದು ಅತ್ತಳು.

"ಧೈರ್ಯ ತಗೋ ಎರು. ಎಲ್ಲಾನೂ ನೀನೇ ಹೊತ್ಕೊಂಡಿದೀಯಾ."

"ಏನ್ ಮಹಾ, ನಾಲ್ಕು ಬುಟ್ಟಿ ಗೆಣಸು..." ಎಂದು ಎರು ಕಿಸೆಗೆ ಕೈ ಹಾಕಿದ.

"ಥೂ, ಇಂಥಾ ದಿನ ದುಡ್ಡು ತಗೋತೀನಾ? ಹೋದೋರ ಋಣ ದೊಡ್ಡದು."

"ಹೋದೋರು?"

"ಸುಮ್ನಿರು, ನಿನ್ನ ಬಾಯಲ್ಲಿ ಹೇಳಿಸಬೇಡ. ದೇಹ ಸಿಟಿ ಆಸ್ಪತ್ರೆಯಿಂದ ಮಿನಿಟಾ ಕಾರಿನಲ್ಲೇ ಬರುತ್ತಂತೆ. ನಮ್ಮ ಚಿಕ್ಕಮ್ಮನ ಮಕ್ಕಳು ಎರಡು ಬಸ್ಸು ಮಾಡ್ಕೊಂಡು ಹೊರಟಿದಾರೆ."

ಎರು ಬೆಂಕಿಪೊಟ್ಟಣ ಹಿಡಿದು ಹೊರಗೆ ಬಂದ. ಊರಿನಲ್ಲಿ ಸಾವಾಗಿದೆ, ತನಗೆ ಮಾತ್ರ ಗೊತ್ತಿಲ್ಲ! ನಿನ್ನೆಯಿಂದ ಗುಂಡಿ ತೋಡುತ್ತಿದ್ದರೂ ಗೊತ್ತಾಗಲಿಲ್ಲ! ತಾನೇ ಹಾರಿಸಿದ ಗಾಳಿಪಟ ಊರೆಲ್ಲ ಸುತ್ತಿ ಬಂದು ತನ್ನ ತಲೆಗೇ ಬಡಿದರೆ ಯಾರಿಗೆ ಗುರುತು ಹತ್ತುತ್ತದೆ? ಅವನು ದಾರಿಯುದ್ದಕ್ಕೂ ಅಳುತ್ತಾ ಮನೆಗೆ ಬಂದ.

ಪಾರೆಕುರಾ ಎಂಟು ದಿನದ ಮೌನವನ್ನು ಅಲ್ಲೇ ಮುರಿದಳು. "ಏನಾಯ್ತೋ? ಯಾಕೆ ಅಳ್ತಿದೀಯಾ?"

"ಹೋಗ್ಬಿಟ್ರು ಕಣೇ!"

"ಯಾರು?"

"ಎಲ್ರಿಗೂ ಗೊತ್ತು," ಎಂದು ಎರು ಮತ್ತಷ್ಟು ಅತ್ತ.

ಪಾರೆಕುರಾಳೂ ಊರಿನವಳೇ. ಗೊತ್ತಿರುವ ಮುಖ ಮಾಡಿ, ಸೆರಗಿಲ್ಲದ್ದರಿಂದ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡು, "ಎಷ್ಟು ಜನ ಬರ್ತಾರೆ?" ಎಂದಳು.

"ಎರಡು ಬಸ್ಸು ಹೊರಟಿದೆಯಂತೆ."

"ರೊಟ್ಟಿ?"

"ಗುಂಡೀಲಿ ರೊಟ್ಟಿ ಬೇಯಲ್ವಲ್ಲ."

ಪಾರೆಕುರಾ ಕೈ ಚಾಚಿದಳು. "ಕೀ ಕೊಡು. ಕಾಗದ ಏನಾದ್ರೂ ಹೇಳಲಿ. ಅಳೋಕೆ ಬಂದೋರನ್ನ ಬರೀ ಹೊಟ್ಟೇಲಿ ಕಳಿಸಿದ ಊರು ಅನ್ನಿಸ್ಕೊಳ್ಳೋಕೆ ಆಗಲ್ಲ."

ವರ್ಷದ ಮೇಲೆ ಆ ಒಲೆ ಹೊತ್ತಿತು. ಒಲೆಗೂ ತನ್ನ ಕೊನೆಯ ಅಡುಗೆ ಇದೆಂದು ಗೊತ್ತಿತ್ತೋ ಏನೋ, ಒಂದು ರೊಟ್ಟಿಯನ್ನೂ ಸೀಯಿಸಲಿಲ್ಲ. ಮಧ್ಯಾಹ್ನದ ಪಾಠದ ಹೊತ್ತಿಗೆ ವಾಸನೆ ಕಿಟಕಿ ದಾಟಿತು. ನಲವತ್ತೆಂಟು ಮಕ್ಕಳು ಹಾಡನ್ನು ಅರ್ಧಕ್ಕೆ ನಿಲ್ಲಿಸಿ ಗಾಳಿಯನ್ನು ಮೂಸಿದರು. ಅತ್ತ ಮಾಂಸಕ್ಕೆ ಹಂದಿ ಬೇಕೆಂದು ಯಾರೋ ಪಾರೆಕುರಾಳ ಹಂದಿಯನ್ನು ನೋಡಲು ಹೋಗಿ, ಪಕ್ಕೆಲುಬು ಎಣಿಸಿ ವಾಪಸು ಬಂದರು. ಸರಕಾರಿ ಊಟದಿಂದ ಜೀವ ಉಳಿದ ಪ್ರಾಣಿ ಈ ದೇಶದಲ್ಲಿ ಅದೊಂದೇ ಇರಬೇಕು.

ಗುರುವಾರ ಹನ್ನೊಂದಕ್ಕೆ ಶಾಲೆಯ ಅಂಗಳದಲ್ಲಿ ಇನ್ನೂರೈವತ್ತು ಜನ. ಎಲ್ಲರೂ ಕಪ್ಪು ಬಟ್ಟೆಯಲ್ಲಿ, ಹೆಂಗಸರ ತಲೆಗೆ ಹಸಿರೆಲೆಯ ದಂಡೆ. ಜಗಲಿಯ ಮೇಲೆ ಚಾಪೆ ಹಾಸಿ, ಹಿಂದೆ ತೀರಿಹೋದ ಹಿರಿಯರ ಚಿತ್ರಗಳನ್ನು ಸುತ್ತ ಜೋಡಿಸಿ, ನಡುವೆ ದೇಹಕ್ಕೆ ಜಾಗ ಬಿಟ್ಟಿದ್ದರು. ಎಲ್ಲದರ ಯಜಮಾನಿಕೆ ಎಂಬತ್ತೆಂಟು ವರ್ಷದ ಹೇನಿ ಅಜ್ಜಿಯದು. ಅವಳು ಕೂಗಿದರೆ ಕಡಲ ಹಕ್ಕಿ ಹಾರಾಟ ನಿಲ್ಲಿಸುತ್ತದೆ.

ಆಗ ಒಂದು ಹಳೇ ಕಾರಿನಿಂದ ಪಾದ್ರಿ ಹಕಾರಾಯಾ ಇಳಿದರು. ಮುಖ ಸಿಂಡರಿಸಿಕೊಂಡಿತ್ತು. ನೇರ ಎರುವಿನ ಹತ್ತಿರ ಬಂದರು.

"ಮೂವತ್ತು ವರ್ಷ ನಿಮ್ಮೂರಿನ ಹೆಣಗಳನ್ನ ನಾನೇ ಮಣ್ಣು ಮಾಡಿದೀನಿ ಎರು. ಒಂದಾದ್ರೂ ವಾಪಸ್ ಎದ್ದು ಬಂದಿದ್ಯಾ? ನನ್ನ ಕೆಲಸದಲ್ಲಿ ಏನು ಕೊರತೆ ಕಂಡ್ರಿ ಅಂತ ಬೇರೆ ಮಿನಿಟಾನ ಕರೆಸ್ತಿದೀರಾ?"

"ಬೇರೆ ಯಾರನ್ನ ಕರೆಸಿದೀವಿ ಮಿನಿಟಾ? ಬರ್ತಿರೋದು ನೀವೇ ಅಲ್ವಾ?"

"ನಾನು ಬಂದಿರೋದು, ಮಿನಿಟಾ ಬರ್ತಾರೆ ಅಂತ ಯಾರೋ ಹೇಳಿದ್ರು, ಅದಕ್ಕೆ."

"ಸರಿ ಮತ್ತೆ. ಮಿನಿಟಾ ಬಂದ್ರಲ್ಲ."

"ನಾನಲ್ವೋ, ಬರೋ ಮಿನಿಟಾ!"

"ನೀವು ಬಂದಾಯ್ತಲ್ಲ, ಇನ್ನೆಲ್ಲಿ ಬರೋದು? ನಿಮ್ಮ ಸೆಕ್ರೆಟರಿ ಎಲ್ಲಿ?"

ಪಾದ್ರಿ ಆಕಾಶದ ಕಡೆ ನೋಡಿದರು. ಅಲ್ಲಿಂದಲೂ ವಿವರಣೆ ಬರಲಿಲ್ಲ. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಉದ್ದನೆಯ ಕಪ್ಪು ಕಾರೊಂದು ಕಾಣಿಸಿತು.

"ಬಂತು! ಬಂತು!" ಎಂದು ಜನ ಎದ್ದರು.

ಕಾರಿನಲ್ಲಿದ್ದವರು ಶಾಲಾ ಊಟದ ಮಂತ್ರಿ ನೈಜೆಲ್ ಟ್ವೀಡಿ, ಫೈಲು ಹಿಡಿದ ಕಚೇರಿಯ ಹುಡುಗಿ, ಒಬ್ಬ ಫೋಟೋದವನು. ಮೂರು ಡಾಲರಿನ ಊಟವನ್ನು ಮಂತ್ರಿ ನಗುನಗುತ್ತಾ ಉಣ್ಣುವ ಫೋಟೋ ಪತ್ರಿಕೆಗಳಿಗೆ ಬೇಕಾಗಿತ್ತು. ಅದಕ್ಕೆ ರಾಜಧಾನಿಯಿಂದ ಎಲ್ಲಕ್ಕಿಂತ ದೂರದ ಶಾಲೆಯನ್ನು ಆರಿಸಿದ್ದರು. ಟ್ವೀಡಿ ಕೆಟ್ಟ ಮನುಷ್ಯನಲ್ಲ. ತಾಯಿ ಸತ್ತ ಮೇಲೆ ಹೊಟ್ಟೆತುಂಬ ಉಂಡಿಲ್ಲವೇನೋ ಎನ್ನುವ ಹಾಗೆ ತೆಳ್ಳಗಿದ್ದ.

ಇನ್ನೂರೈವತ್ತು ಕಪ್ಪು ಬಟ್ಟೆಗಳನ್ನು ಕಂಡು ಮೂವರೂ ಕಾರಿನ ಬಳಿಯೇ ನಿಂತರು. ಹೇನಿ ಅಜ್ಜಿ ಕೂಗು ತೆಗೆದಳು. ಸತ್ತವರನ್ನೂ ತಂದವರನ್ನೂ ಒಟ್ಟಿಗೆ ಬರಮಾಡಿಕೊಳ್ಳುವ ಉದ್ದನೆಯ ಕೂಗು. ಫೋಟೋದವನಿಗೆ ಏನು ಮಾಡಬೇಕೋ ತೋಚದೆ, ತನಗೆ ಒಪ್ಪಿಸಿದ್ದ ಕೆಲಸವನ್ನೇ ಮಾಡಿದ. ಕಾರಿನ ಹಿಂಬಾಗಿಲು ತೆಗೆದು, ಊಟದ ಬಿಳಿ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದ.

ಅಂಗಳ ಗೋಳೆಂದಿತು.

"ಅಯ್ಯೋ, ಇಷ್ಟೇ ಇಷ್ಟು ಪೆಟ್ಟಿಗೆ!" ಎಂದಳು ರೀಪೆಕಾ. "ಸುಟ್ಟು ಬೂದಿ ಮಾಡಿ ತಂದಿದಾರಲ್ಲೋ! ಸಿಟಿಯೋರಿಗೆ ಮಣ್ಣಿಗೂ ಬರ ಬಂತಾ?"

ಫೋಟೋದವನು ಪೆಟ್ಟಿಗೆ ಇಡಲು ಜಾಗ ಹುಡುಕಿದ. ಇಡೀ ಶಾಲೆಯಲ್ಲಿ ಖಾಲಿ ಇದ್ದದ್ದು ಒಂದೇ ಜಾಗ, ಜಗಲಿಯ ಚಾಪೆಯ ನಡುವೆ. ಅಲ್ಲಿಟ್ಟ. ಎರು ಮುಂದೆ ಹೋಗಿ, ಮಂಡಿಯೂರಿ, ಪೆಟ್ಟಿಗೆಯ ಮೇಲೆ ಕೈಯಿಟ್ಟು, ಸುಟ್ಟುಕೊಂಡವನಂತೆ ಹಿಂದೆ ಸರಿದ.

"ಇನ್ನೂ ಬಿಸಿ ಇದೆ!"

ಇನ್ನೂ ಬಿಸಿ ಇದೆಯಂತೆ ಎಂಬ ಮಾತು ಹಿಂದಿನ ಸಾಲಿನವರೆಗೆ ಹೋಗುವಷ್ಟರಲ್ಲಿ ನಾಲ್ಕು ಜನ ಹೆಂಗಸರು ಕೂತುಬಿಟ್ಟರು.

ಮಾತಿನ ಸರದಿ ಬಂತು. ನಮ್ಮಲ್ಲಿ ಸತ್ತವರ ಜೊತೆ ಎದುರಾ ಎದುರೇ ಮಾತಾಡುವುದು ಪದ್ಧತಿ, ಬೈಯಲೂಬಹುದು. ಹಿರಿಯರು ಒಬ್ಬೊಬ್ಬರಾಗಿ ಎದ್ದು, ಕೋಲು ಊರಿ, ಪೆಟ್ಟಿಗೆಯ ಕಡೆ ಕೈಮಾಡಿ ಮಾತಾಡಿದರು. ಹೆಸರು ಗೊತ್ತಿಲ್ಲದ್ದರಿಂದ ಯಾರಿಗಾದರೂ ಸಲ್ಲುವ ಮಾತನ್ನೇ ಆಡಿದರು. "ಹೋಗು, ಹೋಗು, ಹಿರಿಯರ ದಾರೀಲಿ ಹೋಗು. ನಿನ್ನ ಕೈಯಿಂದ ಉಂಡ ಮಕ್ಕಳನ್ನ ಬಿಟ್ಟು ಹೋದೆ. ಒಂದು ಕಾಲದಲ್ಲಿ ಎಷ್ಟು ಪುಷ್ಟಿಯಾಗಿದ್ದೆ! ಕೊನೆಗಾಲದಲ್ಲಿ ಸೊರಗಿ ಹೋದೆ. ದೂರದ ಊರಲ್ಲಿ, ಪರರ ಕೈಯಲ್ಲಿ, ಪೆಟ್ಟಿಗೇಲಿ ಮುಚ್ಚಿಸ್ಕೊಂಡೆ."

ಫೈಲಿನ ಹುಡುಗಿ ತನ್ನ ಎಂಟು ಪದಗಳನ್ನು ಆಧರಿಸಿ ಮಂತ್ರಿಯ ಕಿವಿಯಲ್ಲಿ ಇದನ್ನೆಲ್ಲ ಹೇಳುತ್ತಾ ಹೋದಳು. ಟ್ವೀಡಿಯ ಕಣ್ಣು ಒದ್ದೆಯಾಯಿತು. ಸರದಿ ತನಗೆ ಬಂದಾಗ ಅವನು ಎದ್ದು ನಿಂತು, ಟೋಪಿಯಿಲ್ಲದ ತಲೆಯಿಂದ ಇಲ್ಲದ ಟೋಪಿ ತೆಗೆದು ಹೇಳಿದ.

"ನಿಮ್ಮ ದುಃಖದ ಹೊತ್ತಲ್ಲಿ ನಾವು ತಿಳಿಯದೆ ಬಂದ್ವಿ. ಕ್ಷಮಿಸಿ. ತೀರಿಕೊಂಡವರು ಯಾರು ಅಂತ ಕೇಳಬಹುದಾ?"

ಹಿರಿಯರು ರೀಪೆಕಾಳನ್ನು ನೋಡಿದರು. ರೀಪೆಕಾ ಪಾರೆಕುರಾಳನ್ನು ನೋಡಿದಳು. ಪಾರೆಕುರಾ ಎರುವನ್ನು ನೋಡಿದಳು. ಎರು ಹಿಂದೆ ತಿರುಗಿ ನೋಡಿದ. ಅವನ ಹಿಂದೆ ಗೋಡೆಯಿತ್ತು.

"ಯಾರು ಅಂದ್ರೆ..." ಎಂದ ಎರು. "ಆ ಪೆಟ್ಟಿಗೇಲಿರೋರು."

"ಪೆಟ್ಟಿಗೇಲಾ?" ಎಂದಳು ಫೈಲಿನ ಹುಡುಗಿ. "ಅದರಲ್ಲಿರೋದು ಊಟ, ಸಾರ್. ಶಾಲೆ ಊಟ. ಫೋನಲ್ಲಿ ನಿಮಗೇ ಹೇಳಿದ್ನಲ್ಲ, ಮಿನಿಟಾ ಬರ್ತಾರೆ, ಊಟ ನಾವೇ ತರ್ತೀವಿ ಅಂತ? ಇವರೇ ಮಿನಿಟಾ."

"ಇವರು ಮಂತ್ರಿ!" ಎಂದು ಪಾದ್ರಿ ಹಕಾರಾಯಾ ಸೂರು ಹಾರುವಂತೆ ಕೂಗಿದರು. ಮೂವತ್ತು ವರ್ಷದ ಮಾನ ಉಳಿದ ಸಂತೋಷ ಆ ಕೂಗಿನಲ್ಲಿತ್ತು.

ಎರು ಬೆರಳು ಮಡಿಸುತ್ತಾ ಲೆಕ್ಕ ಹಾಕಿದ. "ಸತ್ತೋರು ಪೆಟ್ಟಿಗೇಲಿದಾರೆ. ಪೆಟ್ಟಿಗೇಲಿರೋದು ಊಟ. ಹಾಗಾದ್ರೆ..." ಅವನು ಮುಖ ಎತ್ತಿದ. "ಸತ್ತಿರೋದು ಊಟ."

ಎಲ್ಲೋ ಒಂದು ಮಗು ಕಿಸಕ್ಕೆಂದಿತು. ಪಾರೆಕುರಾ ಕಣ್ಣು ಮುಚ್ಚಿಕೊಂಡಳು. ಎರಡು ಬಸ್ಸು ಜನ, ಐದಾಳು ಗುಂಡಿ, ಮಂತ್ರಿ, ಪಾದ್ರಿ, ನಾಳೆ ಲಾರಿ. ಇನ್ನು ಈ ಊರಲ್ಲಿ ತಲೆ ಎತ್ತುವುದು ಹೇಗೆ?

ಹೇನಿ ಅಜ್ಜಿ ಕೋಲೂರಿ ಎದ್ದಳು. ನಿಧಾನವಾಗಿ ಜಗಲಿ ಹತ್ತಿ, ಪೆಟ್ಟಿಗೆಯ ಮುಚ್ಚಳ ಸರಿಸಿ, ಒಂದು ತಟ್ಟೆಯ ತಗಡು ಕಿತ್ತು, ಬಗ್ಗಿ ನೋಡಿದಳು. ಮೂಸಿದಳು. ಕಿರುಬೆರಳಿನಲ್ಲಿ ಮುಟ್ಟಿ ನಾಲಗೆಗೆ ಹಚ್ಚಿಕೊಂಡಳು.

"ಹೌದು," ಎಂದಳು. "ಸತ್ತು ಬಹಳ ದಿನ ಆಗಿದೆ."

ಅಂಗಳ ಒಮ್ಮೆಲೇ ನಕ್ಕಿತು. ಬಸ್ಸಿನವರು, ಬಳಗದವರು, ಕೂತುಬಿಟ್ಟಿದ್ದ ನಾಲ್ಕು ಹೆಂಗಸರು, ಮಕ್ಕಳು, ಪಾದ್ರಿ, ಕೊನೆಗೆ ಫೋಟೋದವನು ಕೂಡ. ಅಜ್ಜಿ ಮಾತ್ರ ನಗಲಿಲ್ಲ. ಕೋಲು ಎತ್ತಿದಳು.

"ಯಾಕೆ ಹಲ್ಲು ಬಿಡ್ತೀರಾ? ಅತ್ತಾಗಿದೆ. ಅತ್ತಿದ್ದನ್ನ ವಾಪಸ್ ತಗೊಳ್ಳೋಕಾಗಲ್ಲ. ನಮ್ಮ ಹಿರಿಯರನ್ನ ಸುಮ್ ಸುಮ್ನೆ ಕೂಗಿ ಕರೆದು, ಯಾರೂ ಸತ್ತಿಲ್ಲ ಹೋಗ್ರಿ ಅಂತ ಕಳಿಸೋಕಾಗುತ್ತಾ? ಸತ್ತೋರು ಸಿಕ್ಕಿದಾರೆ. ಮಣ್ಣು ಮಾಡೋಣ. ಹಕಾರಾಯಾ, ನಿನ್ನ ಪುಸ್ತಕ ತಗಿ. ಮಂತ್ರಿ ಮಗಾ, ಆ ಕಡೆ ನೀನು ಹಿಡ್ಕೋ."

ಶಾಲಾ ಊಟದ ಮಂತ್ರಿ ನೈಜೆಲ್ ಟ್ವೀಡಿ ಪೆಟ್ಟಿಗೆಯ ಒಂದು ಬದಿ ಹಿಡಿದ, ಎರು ಇನ್ನೊಂದು ಬದಿ ಹಿಡಿದ. ದೀಪದ ಫಲಕದ ಕೆಳಗೆ, ಟ್ರ್ಯಾಕ್ಟರ್ ಚಕ್ರದಂಥ ಸೇಬಿನ ನೆರಳಲ್ಲಿ, ಆ ಊಟವನ್ನು ಶಾಸ್ತ್ರೋಕ್ತವಾಗಿ ಮಣ್ಣು ಮಾಡಿದರು. ಹಂದಿ ಬೇಲಿಯ ಆಚೆ ನಿಂತು, ಕಡಲಿಗೆ ಬೆನ್ನು ಹಾಕಿ, ಮೊದಲ ಸಲ ಸಮಾಧಾನದಿಂದ ನೋಡಿತು.

ಆಮೇಲೆ ಹಾಂಗಿ ಗುಂಡಿಯ ಮಣ್ಣು ಸರಿಸಿದರು. ಹಬೆ ಮೇಲೇರಿತು. ಮಣ್ಣಿನ, ಹೊಗೆಯ, ಕುರಿಕೊಬ್ಬಿನ ವಾಸನೆಗೆ ಮಂತ್ರಿಯ ಮೂಗಿನ ಹೊಳ್ಳೆಗಳು ತಾವಾಗಿ ಅರಳಿದವು. ಅವನು ಮಕ್ಕಳ ಸಾಲಿನಲ್ಲಿ ಕೂತ. ಪಕ್ಕದ ಹುಡುಗಿ ಅವನಿಗೆ ರೊಟ್ಟಿಯನ್ನು ಹೇಗೆ ಮುರಿದು ರಸದಲ್ಲಿ ಅದ್ದಬೇಕೆಂದು ಹೇಳಿಕೊಟ್ಟಳು. ಎರಡನೇ ತಟ್ಟೆ ಮುಗಿದಾಗ ಟೈ ಸಡಿಲಿಸಿದ, ಮೂರನೆಯದು ಮುಗಿದಾಗ ಬೂಟು ಬಿಚ್ಚಿದ.

"ಈ ರೊಟ್ಟಿ ಎಲ್ಲಿಂದು?" ಎಂದು ಕೇಳಿದ.

"ಅಗೋ, ಆ ಒಲೆಯಿಂದ," ಎಂದಳು ಪಾರೆಕುರಾ. "ನಾಳೆ ನಿಮ್ಮ ಲಾರಿ ಬಂದು ಹೊತ್ಕೊಂಡು ಹೋಗುತ್ತಲ್ಲ, ಆ ಒಲೆ."

ಟ್ವೀಡಿ ಎತ್ತಿದ ತುತ್ತನ್ನು ತಟ್ಟೆಗಿಳಿಸಿದ. "ಒಲೆ ಕಟ್ಟಡದ ಇಲಾಖೆಯದಮ್ಮ. ನನ್ನದು ಊಟ ಮಾತ್ರ. ಊಟದ ಬಾಬತ್ತಲ್ಲಿ ತಲೆಗೆ ಮೂರು ಡಾಲರು ಬಿಟ್ರೆ ಒಂದು ಸೆಂಟೂ ಇಲ್ಲ. ಫಲಕದ ಬಾಬತ್ತಲ್ಲಿ ಸ್ವಲ್ಪ ಉಳಿದಿದೆ." ಅವನು ನಿಜವಾಗಿಯೂ ಸಹಾಯ ಮಾಡುವ ಆಸೆಯಿಂದ ಕೇಳಿದ: "ಇನ್ನೊಂದು ಫಲಕ ಬೇಕಾ?"

"ಆ ಮೂರು ಡಾಲರನ್ನ ತಟ್ಟೆ ಬದಲು ನನ್ನ ಕೈಗೆ ಕೊಟ್ಟು ನೋಡಿ."

"ನಿಯಮ ಇಲ್ವಲ್ಲಮ್ಮಾ!"

ಹೇನಿ ಅಜ್ಜಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ ಗೆಣಸಿನ ಸಿಪ್ಪೆ ಸುಲಿಯುತ್ತಿದ್ದಳು. ಸಿಪ್ಪೆ ಕೆಳಗಿಟ್ಟು ತಲೆಯ ಮೇಲಿನ ಎಲೆಯ ದಂಡೆ ತೆಗೆದು, ಹೋಗಿ ಅಡುಗೆಮನೆಯ ಬಾಗಿಲಿಗೆ ಅಡ್ಡ ಕಟ್ಟಿದಳು.

"ಸಾವಾದ ಜಾಗ ಇದು," ಎಂದಳು ಎಲ್ಲರಿಗೂ ಕೇಳುವ ಹಾಗೆ. "ನಾನು ಕಟ್ಟು ಹಾಕಿದೀನಿ. ಸತ್ತೋರ ಕಲ್ಲು ನಿಲ್ಲಿಸಿ, ಅದರ ಮುಸುಕು ತೆಗೆಯೋವರೆಗೂ ಈ ಬಾಗಿಲಿಂದ ಒಂದು ಚಮಚಾನೂ ಹೊರಗೆ ಹೋಗಬಾರದು. ಒಳಗೆ ಏನು ಬೇಕಾದ್ರೂ ಹೋಗಬಹುದು."

ಇಂಥ ಕಟ್ಟನ್ನು ನಮ್ಮಲ್ಲಿ ಮೀರುವವರಿಲ್ಲ. ಫೈಲಿನ ಹುಡುಗಿ ತಟ್ಟೆ ಪಕ್ಕಕ್ಕಿಟ್ಟು ಅವಸರವಾಗಿ ಫೈಲು ತಿರುವಿದಳು. "ಸಾರ್! ಇದೆ ಸಾರ್! ಶೋಕದಲ್ಲಿರೋ ಸ್ಥಳಗಳಿಗೆ ಊಟದ ತಟ್ಟೆ ಕಳಿಸಬಾರದು, ಅವರ ಆಚಾರಕ್ಕೆ ಧಕ್ಕೆ ಆಗುತ್ತೆ. ತಟ್ಟೆ ಕಳಿಸದ ದಿನಗಳ ಹಣವನ್ನ ಶಾಲೆಗೇ ಕೊಡತಕ್ಕದ್ದು. ಹದಿನೇಳನೇ ಪುಟ."

"ನಿಯಮದಲ್ಲಿದೆಯಾ?" ಟ್ವೀಡಿಯ ಮುಖ ಮಗುವಿನಂತೆ ಅರಳಿತು. "ನಿಯಮದಲ್ಲಿದ್ರೆ ಇನ್ನೇನು! ಎಷ್ಟು ದಿನ ಈ ಶೋಕ?"

"ಕಲ್ಲು ನಿಲ್ಲಿಸೋವರೆಗೆ," ಎಂದಳು ಅಜ್ಜಿ.

"ಕಲ್ಲಿನ ಜವಾಬ್ದಾರಿ ಯಾರದು?"

ಅಜ್ಜಿಯ ಕಣ್ಣು ಅಂಗಳದ ಮೇಲೆಲ್ಲ ಹಾಯಿತು. ಮನೆ ಕಟ್ಟುವವರನ್ನು ದಾಟಿತು, ದೋಣಿ ಮಾಡುವವರನ್ನು ದಾಟಿತು, ಊರಿನ ಜಾಣರನ್ನೆಲ್ಲ ಒಬ್ಬೊಬ್ಬರಾಗಿ ದಾಟಿ ಬಂದು, ಮೂಲೆಯಲ್ಲಿ ಮಣ್ಣು ಮೆತ್ತಿದ ಕೈಯಲ್ಲಿ ತಲೆ ಕೆರೆದುಕೊಳ್ಳುತ್ತಿದ್ದವನ ಮೇಲೆ ನಿಂತಿತು.

"ಎರು," ಎಂದಳು. "ಹೊಳೆ ಹತ್ರ ಒಳ್ಳೇ ಕಲ್ಲಿದೆ. ಸ್ವಲ್ಪ ನೋಡು ಮಗಾ."

ಇಡೀ ಊರಿಗೆ ಅರ್ಥವಾಯಿತು. ಪಾರೆಕುರಾ ಒಂದು ಗಳಿಗೆ ಅಜ್ಜಿಯನ್ನೇ ನೋಡಿ, ಆಮೇಲೆ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಭುಜ ಕುಲುಕಿಸಿದಳು. ಅಳುತ್ತಿದ್ದಾಳೆಂದು ಎರು ಹತ್ತಿರ ಹೋಗಿ ಬೆನ್ನು ತಟ್ಟಿದ.

ಶುಕ್ರವಾರ ಲಾರಿ ಬಂತು. ಬಾಗಿಲಿಗೆ ಅಡ್ಡ ಕಟ್ಟಿದ್ದ ಎಲೆಗಳನ್ನು ನೋಡಿ ಡ್ರೈವರು ಟೋಪಿ ತೆಗೆದ, ಹೆಜ್ಜೆ ಹಿಂದಿಟ್ಟ, ಕಿಟಕಿಯಿಂದ ತಲೆ ಒಳಹಾಕಿ ಒಂದು ರೊಟ್ಟಿ ತಿಂದು ಹೋದ. ಸೋಮವಾರದಿಂದ ಅಡುಗೆ ಶುರುವಾಯಿತು. ಒಳಗಿನದು ಹೊರಗೆ ಬರುವ ಹಾಗಿಲ್ಲವಲ್ಲ, ನಲವತ್ತೆಂಟು ಮಕ್ಕಳು ಎಲೆಗಳ ಕೆಳಗೆ ನುಸುಳಿ ತಾವೇ ಒಳಗೆ ಹೋಗುತ್ತಾರೆ, ಕೂತು ಉಣ್ಣುತ್ತಾರೆ, ಹೊಟ್ಟೆಯಲ್ಲಿಟ್ಟುಕೊಂಡು ಹೊರಗೆ ಬರುತ್ತಾರೆ. ಹೊಟ್ಟೆಯ ಮೇಲೆ ಅಜ್ಜಿ ಕಟ್ಟು ಹಾಕಿಲ್ಲ. ಇದು ನಡೆದು ಮೂರನೇ ವರ್ಷ. ಈ ನಡುವೆ ಮಂತ್ರಿಗಳು ಇಬ್ಬರು ಬದಲಾದರು, ಶೋಕ ಬದಲಾಗಿಲ್ಲ.

ಎರು ಕೆಲಸಗಳ್ಳನಲ್ಲ. ಪ್ರತಿ ಶನಿವಾರ ಹೊಳೆಗೆ ಹೋಗುತ್ತಾನೆ, ಕಲ್ಲಿನ ಮುಂದೆ ಅರ್ಧ ಗಂಟೆ ಕೈಕಟ್ಟಿ ನಿಲ್ಲುತ್ತಾನೆ, ವಾಪಸು ಬಂದು ಅಜ್ಜಿಯ ಜಗಲಿಯ ಮುಂದೆ ವರದಿ ಒಪ್ಪಿಸುತ್ತಾನೆ.

"ನೋಡಿದೆ ಅಜ್ಜಿ. ಕಲ್ಲು ಇದೆ."

"ಒಳ್ಳೇದಾಯ್ತು ಮಗಾ," ಎನ್ನುತ್ತಾಳೆ ಹೇನಿ ಅಜ್ಜಿ. "ಬರೋ ವಾರ ಇನ್ನೊಂದ್ಸಲ ನೋಡು."